ಬಟಾಣಿಯಷ್ಟಿದ್ದರೆ ಇರಲಿ

ಅಕ್ಟೋಬರ್ ಕೊನೆಯಲ್ಲಿ, ಇಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ವಾರ, ನಾನು ರಬ್ಬರ್ ಕೈಗವಸು ತೊಟ್ಟು, ಹಳೆಯ ಕುಕ್ಕರಿನ ಪಾತ್ರೆಯೊಂದನ್ನು ಹಿಡಿದು ಹಿತ್ತಿಲಿಗೆ ಹೋಗುತ್ತೇನೆ. ಅಂಜೂರದ ಗಿಡದಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದ ಹಸಿರು ಗಟ್ಟಿ ಕಾಯಿಗಳಿರುತ್ತವೆ. ಒಂದೊಂದನ್ನೂ ತೊಟ್ಟಿನ ಬಳಿ ತಿರುಚಿ ಕೀಳುತ್ತೇನೆ. ಕಿತ್ತ ಜಾಗದಲ್ಲಿ ಬಿಳಿ ಹಾಲು ಒಸರಿ, ಕೊಂಬೆಗುಂಟ ಒಂದಿಷ್ಟು ದೂರ ಇಳಿದು, ಅಲ್ಲೇ ಗಟ್ಟಿಯಾಗುತ್ತದೆ. ಅರ್ಧ ಗಂಟೆಯಲ್ಲಿ ಪಾತ್ರೆ ತುಂಬುತ್ತದೆ. ಅದರಲ್ಲಿ ಒಂದೂ ಹಣ್ಣಾಗಿರುವುದಿಲ್ಲ. ಗಿಡದಲ್ಲೇ ಬಿಟ್ಟಿದ್ದರೂ ಒಂದೂ ಹಣ್ಣಾಗುತ್ತಿರಲಿಲ್ಲ.

ಕೀಳದೆ ಬಿಡುವುದು ಕೊಂಬೆಯ ತುದಿಯಲ್ಲಿ, ಎಲೆಯ ತೊಟ್ಟು ಕೊಂಬೆಯನ್ನು ಸೇರುವ ಸಂದಿಯಲ್ಲಿ, ಯಾರಿಗೂ ಕಾಣದಂತೆ ಕೂತಿರುವ ಬಟಾಣಿ ಗಾತ್ರದ ಹೀಚುಗಳನ್ನು. ಅವನ್ನು ಹುಡುಕಲು ಈಗ ನನಗೆ ಕನ್ನಡಕ ಬೇಕು. ಮುಂದಿನ ಆಗಸ್ಟ್‌ನಲ್ಲಿ ತಿನ್ನಲು ಏನಾದರೂ ಸಿಕ್ಕರೆ ಅದು ಅವುಗಳಿಂದಲೇ.

ದೊಡ್ಡದನ್ನು ಕಿತ್ತೆಸೆದು ಚಿಕ್ಕದನ್ನು ಉಳಿಸುವ ಈ ಲೆಕ್ಕ ನನ್ನ ತಲೆಗೆ ಇಳಿಯಲು ಏಳು ವರ್ಷ ಹಿಡಿಯಿತು. ಅಮ್ಮನ ತಲೆಗೆ ಇನ್ನೂ ಇಳಿದಿಲ್ಲ.

ನಾನು ಬಳ್ಳಾರಿಯವನು. ಬಳ್ಳಾರಿ ಅಂಜೂರಕ್ಕೆ ಅದರದೇ ಹೆಸರಿದೆ; ನಮ್ಮ ದೇಶದ ಅಂಜೂರದ ಮಾತು ಬಂದಾಗ ಪುಣೆಯದರ ಪಕ್ಕದಲ್ಲಿ ಅದೂ ಬರುತ್ತದೆ. ನಮ್ಮ ಸೋದರಮಾವನ ಹೊಲದ ಬಾವಿಯ ಹತ್ತಿರ ನಾಲ್ಕು ಗಿಡಗಳಿದ್ದವು. ಅವಕ್ಕೆ ಯಾರೂ ವಿಶೇಷವಾಗಿ ಏನೂ ಮಾಡಿದ್ದನ್ನು ನಾನು ನೋಡಿಲ್ಲ. ಮಡಿಗೆ ನೀರು ಬಿಟ್ಟರೆ ಆಯಿತು, ಮಿಕ್ಕದ್ದನ್ನು ಬಿಸಿಲು ನೋಡಿಕೊಳ್ಳುತ್ತಿತ್ತು. ಗಿಡದಲ್ಲೇ ಬಿರಿದ ಹಣ್ಣಿಗೆ ಇರುವೆ ಮುತ್ತಿರುತ್ತಿದ್ದವು; ಉಫ್ ಎಂದು ಊದಿ, ಹೋಗದ ಇರುವೆಗಳನ್ನು ಸೇರಿಸಿಯೇ ತಿನ್ನುತ್ತಿದ್ದೆವು. ಹಾಗೆ ಬೆಳೆದವನಿಗೆ ಅಂಜೂರ ಬೆಳೆಸುವುದನ್ನು ಕಲಿಯಬೇಕು ಎಂಬ ಯೋಚನೆಯೇ ಬರುವುದಿಲ್ಲ. ಉಸಿರಾಡಲು ಯಾರಾದರೂ ಪಾಠ ಹೇಳಿಸಿಕೊಳ್ಳುತ್ತಾರೆಯೇ?

2009ರಲ್ಲಿ ಕೆಲಸದ ಮೇಲೆ ಇಂಗ್ಲೆಂಡಿನ ಶೆಫೀಲ್ಡಿಗೆ ಬಂದೆ. 2012ರಲ್ಲಿ ಮನೆ ಕೊಂಡ ಮೇಲೆ ಹಿತ್ತಿಲಿಗೆ ಮೊದಲು ತಂದದ್ದು ಅಂಜೂರದ ಸಸಿ. ತಳಿಯ ಹೆಸರು ಬ್ರೌನ್ ಟರ್ಕಿ. ಈ ದೇಶದಲ್ಲಿ ಬಯಲಲ್ಲಿ ಬೆಳೆಯಲು ಹೆಚ್ಚು ನಂಬಿಕೆಯ ತಳಿ ಎಂದರೆ ಅದೇ. ನೆಟ್ಟೆ. ಊರಿನ ಅಭ್ಯಾಸದಂತೆ ದೊಡ್ಡ ಗುಂಡಿ ತೋಡಿ, ಎರಡು ಚೀಲ ಕುದುರೆ ಗೊಬ್ಬರ ಸುರಿದು, ಬೇರಿಗೆ ಎಷ್ಟು ಬೇಕೋ ಅಷ್ಟು ಜಾಗ ಕೊಟ್ಟು ನೆಟ್ಟೆ.

ಗಿಡ ಬೆಳೆಯಿತು. ಬೆಳೆದ ಪರಿ ಎಂದರೆ, ಮೂರನೆಯ ವರ್ಷಕ್ಕೆ ಅಡುಗೆಮನೆಯ ಕಿಟಕಿಯನ್ನು ಮುಚ್ಚಿತು. ಒಂದೊಂದು ಎಲೆ ಊಟದ ತಟ್ಟೆಯಷ್ಟು ಅಗಲ. ಕಾಯಿ ಮಾತ್ರ ಇಲ್ಲ. ಫೋನಿನಲ್ಲಿ ಅಮ್ಮ, “ಗೊಬ್ಬರ ಹಾಕಿದೆಯೇನಪ್ಪ?” ಎಂದು ಕೇಳುವಳು, ನಾನು ಇನ್ನೊಂದು ಚೀಲ ಹಾಕುವೆನು. ಹೀಗೆ ಬಳ್ಳಾರಿಯಿಂದ ಸಲಹೆ, ಶೆಫೀಲ್ಡಿನಲ್ಲಿ ಗೊಬ್ಬರ, ಎಲ್ಲವೂ ಸೇರಿ ಎಲೆಯಾಗುತ್ತಿತ್ತು.

2015ರ ಜೂನ್‌ನಲ್ಲಿ ಸಿಟ್ಟು ಬಂದು ಕಿಟಕಿಯ ಕಡೆಯ ಕೊಂಬೆಗಳನ್ನೆಲ್ಲ ಕತ್ತರಿಸಿದೆ. ಅಪರೂಪಕ್ಕೆ ಬಿಸಿಲು ಬಿದ್ದ ದಿನ, ಅರ್ಧ ತೋಳಿನ ಅಂಗಿ. ಹಾಲು ಮುಂಗೈ ಮೇಲೆ ಸೋರುತ್ತಿತ್ತು, ಒರೆಸಿಕೊಂಡು ಕೆಲಸ ಮುಂದುವರಿಸಿದೆ. ಮರುದಿನ ಏನೂ ಇಲ್ಲ. ಅದರ ಮರುದಿನ ಹಾಲು ಹರಿದ ದಾರಿಯಲ್ಲೇ, ಯಾರೋ ಕಾದ ಕಡ್ಡಿಯಿಂದ ಗೀಚಿದ ಹಾಗೆ, ಸಾಲಾಗಿ ಬೊಬ್ಬೆಗಳೆದ್ದವು. ಅಂಜೂರದ ಹಾಲಿನಲ್ಲಿರುವ ಸೊರಾಲೆನ್ ಎಂಬ ವಸ್ತು ಚರ್ಮಕ್ಕೆ ತಗುಲಿದ ಮೇಲೆ ಬಿಸಿಲು ಬಿದ್ದರೆ ಹೀಗೆ ಸುಡುತ್ತದಂತೆ. ಬೊಬ್ಬೆ ಹದಿನೈದು ದಿನದಲ್ಲಿ ಒಣಗಿದವು, ಕಂದು ಗೆರೆಗಳು ಆ ವರ್ಷದ ದೀಪಾವಳಿಯವರೆಗೂ ಉಳಿದವು. ಮಾವನ ಹೊಲದಲ್ಲಿ ಹಣ್ಣಷ್ಟೇ ಕಿತ್ತವನು ನಾನು. ಗಿಡ ಸವರಿದ ಆಳುಗಳ ಕೈಗಳು ಹೇಗಿದ್ದವೋ, ಆಗ ನೋಡಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಈ ಊರಿನ ಹಳಬರು ಎದುರಿಗೆ ಸಿಕ್ಕವರನ್ನೆಲ್ಲ, ಗಂಡಸು ಹೆಂಗಸು ನೋಡದೆ, ‘ಲವ್’ ಎಂದೇ ಕರೆಯುತ್ತಾರೆ. ಬಂದ ಹೊಸದರಲ್ಲಿ ಬಸ್ಸಿನ ಡ್ರೈವರ್ ಹಾಗೆ ಕರೆದಾಗ ನಾನು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ್ದೆ. ಈ ಹಿರಿಯರು ಬೇಲಿಯ ಮೇಲಿನಿಂದ ನನ್ನ ಗಿಡವನ್ನು ಬಹಳ ಹೊತ್ತು ನೋಡಿ ಹೇಳಿದ್ದು ಇಷ್ಟು: “ಇದು ಇಷ್ಟು ಸುಖವಾಗಿದೆ, ಕಾಯಿ ಯಾಕೆ ಬಿಡುತ್ತದೆ, ಲವ್? ಇದನ್ನು ಜೈಲಿಗೆ ಹಾಕಬೇಕು.”

ಜೈಲು ಕಟ್ಟುವ ವಿಧಾನವೂ ಅವರಿಗೆ ಗೊತ್ತಿತ್ತು. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ. ನಾಲ್ಕೂ ಬದಿಗೆ ಚಪ್ಪಡಿ ಕಲ್ಲು, ಅವುಗಳ ಅಂಚು ನೆಲಕ್ಕಿಂತ ಒಂದು ಬೆರಳು ಮೇಲೆ ನಿಲ್ಲಬೇಕು, ಇಲ್ಲವಾದರೆ ಬೇರು ಗೋಡೆ ಹಾರುತ್ತದೆ. ತಳಕ್ಕೆ ಚಪ್ಪಡಿ ಇಲ್ಲ, ಒಂದು ಗೇಣು ಒಡೆದ ಇಟ್ಟಿಗೆ ಚೂರು. ನೀರು ಬಸಿಯಬೇಕು, ಬೇರು ಮಾತ್ರ ಸುಲಭಕ್ಕೆ ಇಳಿಯಬಾರದು. ಒಳಗೆ ಸಾಮಾನ್ಯ ಮಣ್ಣು. ಗೊಬ್ಬರ ಬೇಡವೇ ಬೇಡ. ಸಾರಜನಕ ಹೆಚ್ಚಾದರೆ ಅಂಜೂರ ಎಲೆ ಕೊಂಬೆಗಳನ್ನೇ ಬೆಳೆಸಿಕೊಂಡು ಹೋಗುತ್ತದೆ. ಬೇರಿಗೆ ಇಕ್ಕಟ್ಟಾದಾಗ ಕಾಯಿಯ ಕಡೆ ತಿರುಗುತ್ತದೆ. ಕುಂಡದಲ್ಲಿಟ್ಟರೂ ಇದೇ ನ್ಯಾಯ. ಕುಂಡದ ಗಿಡಕ್ಕಾದರೆ ಬೇಸಿಗೆಯಲ್ಲಿ ದಿನವೂ ನೀರು, ಕಾಯಿ ಹಿಡಿದ ಮೇಲೆ ವಾರಕ್ಕೊಮ್ಮೆ ಟೊಮೆಟೊ ಗಿಡಕ್ಕೆ ಹಾಕುವ ಪೊಟ್ಯಾಷ್ ದ್ರವ, ಎರಡು ಮೂರು ವರ್ಷಕ್ಕೊಮ್ಮೆ ಬೇರು ಸವರಿ ಹೊಸ ಮಣ್ಣು.

2017ರ ಮಾರ್ಚ್‌ನಲ್ಲಿ ಗಿಡವನ್ನು ಅಗೆದು ತೆಗೆದೆವು. ತೆಗೆದೆವು ಎಂದರೆ, ಅವರು ಕುರ್ಚಿ ಹಾಕಿಕೊಂಡು ಕೂತು ಹೇಳಿದರು, ನಾನು ಹಾರೆ ಹಿಡಿದು ತೆಗೆದೆ. ಬೇರುಗಳು ಆರು ಅಡಿ ದೂರದ ಚರಂಡಿಯವರೆಗೆ ಹೋಗಿದ್ದವು. ಅರ್ಧಕ್ಕರ್ಧ ಕತ್ತರಿಸಿ, ಮನೆಯ ದಕ್ಷಿಣ ಗೋಡೆಯ ಬುಡದಲ್ಲಿ ಕಟ್ಟಿದ ಹೊಸ ಜೈಲಿಗೆ ಇಳಿಸಿದೆ. ದಕ್ಷಿಣದ ಗೋಡೆಯೇ ಯಾಕೆಂದರೆ, ಇಷ್ಟು ಉತ್ತರದಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿಕೊಂಡು ಹೋಗುತ್ತಾನೆ. ನಮ್ಮ ಮನೆಯ ಗೋಡೆ ಇಲ್ಲಿನ ಗುಡ್ಡಗಳಿಂದ ತೆಗೆದ ಒರಟು ಮರಳುಗಲ್ಲಿನದು. ಹಗಲು ಬಿಸಿಲು ಬಿದ್ದರೆ ರಾತ್ರಿ ಒಂಬತ್ತಕ್ಕೆ ಕೈ ಇಟ್ಟರೂ ಬೆಚ್ಚಗಿರುತ್ತದೆ. ಅಮ್ಮ ದೋಸೆ ಹೆಂಚು ಆರಿದೆಯೇ ಎಂದು ನೋಡುವ ಹಾಗೆ ನಾನು ಈಗಲೂ ಸಂಜೆ ಒಮ್ಮೆ ಗೋಡೆ ಮುಟ್ಟಿ ನೋಡುತ್ತೇನೆ.

ತಂಪು ದೇಶದಲ್ಲಿ ಅಂಜೂರದ ಶತ್ರು ಚಳಿ ಎಂದು ನಾನು ಬಹಳ ದಿನ ತಿಳಿದಿದ್ದೆ. ಕೆಲವು ಕಡೆ ಅದು ನಿಜ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ದಕ್ಷಿಣ ಇಟಲಿಯಿಂದ ವಲಸೆ ಹೋದವರು ಪ್ರತಿ ಚಳಿಗಾಲಕ್ಕೆ ಮುಂಚೆ ಅಂಜೂರದ ಕೊಂಬೆಗಳನ್ನು ಒಟ್ಟಾಗಿ ಹಗ್ಗದಿಂದ ಬಿಗಿದು, ಗೋಣಿತಾಟು, ಹಳೆಯ ಕಂಬಳಿ, ಜಮಖಾನ ಸುತ್ತಿ, ತಲೆಯ ಮೇಲೊಂದು ಬಕೆಟ್ ಕವುಚುತ್ತಿದ್ದರು. ಇನ್ನು ಕೆಲವರು ಒಂದು ಬದಿಯ ಬೇರು ಕಡಿದು, ಇಡೀ ಮರವನ್ನೇ ಮಲಗಿಸಿ ಮಣ್ಣು ಮುಚ್ಚಿ, ವಸಂತದಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದರು. ಪ್ಯಾರಿಸ್ ಪಕ್ಕದ ಅರ್ಜೆಂತೈ ಎಂಬ ಊರಿನ ಬೆಳೆಗಾರರೂ ಒಂದು ಕಾಲಕ್ಕೆ ಕೊಂಬೆಗಳನ್ನು ಬಾಗಿಸಿ ಕಾಲುವೆಯಲ್ಲಿ ಮಲಗಿಸಿ ಮಣ್ಣು ಹೊದಿಸಿಯೇ ರಾಜಧಾನಿಗೆ ಅಂಜೂರ ತಿನ್ನಿಸಿದವರು. ಎಲೆ ಉದುರಿ ಮಲಗಿದ ಅಂಜೂರ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನವರೆಗೆ ಹೇಗೋ ತಡೆಯುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಕೊಂಬೆಗಳು ಸಾಯುತ್ತವೆ, ಬೇರು ಬದುಕಿ ಮತ್ತೆ ಚಿಗುರುತ್ತದೆ.

ಆದರೆ ಬ್ರೂಕ್ಲಿನ್‌ಗೆ ಚಳಿಯಷ್ಟೇ ಜೋರಾದ ಬೇಸಿಗೆಯೂ ಇದೆ. ಅಲ್ಲಿ ಕೊಂಬೆ ಸತ್ತರೂ, ಬುಡದಿಂದ ಬಂದ ಹೊಸ ಚಿಗುರು ಅದೇ ವರ್ಷ ಕಾಯಿ ಬಿಟ್ಟು ಹಣ್ಣು ಮಾಡುವಷ್ಟು ಸೆಕೆ. ಶೆಫೀಲ್ಡಿನ ಕಥೆ ತಿರುಗಾಮುರುಗಾ. ಇಲ್ಲಿ ಗಿಡ ಸಾಯುವಷ್ಟು ಚಳಿ ಅಪರೂಪ, ಹಣ್ಣಾಗುವಷ್ಟು ಬಿಸಿಲೂ ಅಪರೂಪ. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರವೂ ಬೆಳಕಿರುತ್ತದೆ, ನಿಜ. ಬೆಳಕು ಬೇರೆ, ಬಿಸಿಲು ಬೇರೆ. ನಡು ಬೇಸಿಗೆಯ ಮಧ್ಯಾಹ್ನಕ್ಕೆ 21 ಡಿಗ್ರಿ ಬಂದರೆ ಜನ ಅಂಗಿ ಬಿಚ್ಚಿ ಪಾರ್ಕಿನಲ್ಲಿ ಮಲಗುತ್ತಾರೆ. ಬಳ್ಳಾರಿಯಲ್ಲಿ ಅಷ್ಟಕ್ಕೆ ಸ್ವೆಟರ್ ಹುಡುಕುತ್ತಿದ್ದೆವು.

ಬಟಾಣಿಯ ಲೆಕ್ಕ ಹುಟ್ಟುವುದು ಇಲ್ಲಿಯೇ. ಅಂಜೂರಕ್ಕೆ ಎರಡು ಫಸಲು. ಒಂದು, ಹೋದ ವರ್ಷದ ಕೊಂಬೆಯ ಮೇಲೆ ಬರುವುದು. ಇನ್ನೊಂದು, ಈ ವರ್ಷದ ಹೊಸ ಚಿಗುರಿನ ಮೇಲೆ ಬರುವುದು. ನಮ್ಮ ಕಡೆಯೂ ವರ್ಷಕ್ಕೆ ಎರಡು ಹಂಗಾಮು ಇದೆ, ಆದರೆ ಅದನ್ನು ಆಳುವುದು ಮಳೆ: ಪುಣೆಯ ಪುರಂದರ ತಾಲೂಕಿನ ಬೆಳೆಗಾರರು ಮಳೆಗಾಲದ್ದನ್ನು ಖಟ್ಟಾ ಬಹಾರ್ ಎಂದೂ ಬೇಸಿಗೆಯದನ್ನು ಮೀಠಾ ಬಹಾರ್ ಎಂದೂ ಕರೆಯುತ್ತಾರೆ, ಹುಳಿ ಮತ್ತು ಸಿಹಿ. ಇಲ್ಲಿ ಹೊಸ ಚಿಗುರಿನ ಮೇಲಿನ ಕಾಯಿ ಬೇಸಿಗೆಯಲ್ಲಿ ಹುಟ್ಟಿ, ಸೆಪ್ಟೆಂಬರ್ ಹೊತ್ತಿಗೆ ನಿಂಬೆಯಷ್ಟಾಗಿ, ಅಷ್ಟರಲ್ಲಿ ಬಿಸಿಲು ಮುಗಿದು, ನಿಂತೇ ಹೋಗುತ್ತದೆ. ಪಿಂದೆ, ಹೀಚು, ಕಾಯಿ, ದೋರೆಗಾಯಿ, ಹಣ್ಣು, ಕಳಿತ ಹಣ್ಣು ಎಂದು ನಮ್ಮ ಭಾಷೆಯಲ್ಲಿ ಮೆಟ್ಟಿಲುಗಳಿವೆಯಲ್ಲ, ಇದು ಮೂರನೆಯ ಮೆಟ್ಟಿಲಲ್ಲೇ ಕೂತುಬಿಡುವ ಜಾತಿ. ಮುಂದೆ ಚಳಿಗೆ ಮೆತ್ತಗಾಗಿ ಕೊಳೆಯುತ್ತದೆ, ಕೊಳೆತ ಜಾಗದಿಂದ ಕೊಂಬೆಗೂ ರೋಗ ಹತ್ತಬಹುದು. ಆದರೆ ಆಗಸ್ಟ್ ಕೊನೆಯಲ್ಲಿ ತುದಿಯಲ್ಲಿ ಮೂಡುವ ಹೀಚು ಬಟಾಣಿಗಿಂತ ದೊಡ್ಡದಾಗುವ ಮೊದಲೇ ಗಿಡ ನಿದ್ದೆಗೆ ಜಾರುತ್ತದೆ. ಒಳಗಿನ್ನೂ ಏನೂ ಆಗಿರದ ಆ ಚೂರು ಚಳಿಯನ್ನು ತಾಳಿಕೊಂಡು, ಏಪ್ರಿಲ್‌ನಲ್ಲಿ ಎಲೆ ಬರುವ ಮೊದಲೇ ಬೆಳೆಯಲು ಶುರುಮಾಡುತ್ತದೆ. ಹಾಗೆ ಶುರುಮಾಡಿದ್ದಕ್ಕೆ ಮಾತ್ರ ಇಡೀ ಬೇಸಿಗೆ ಸಿಗುತ್ತದೆ.

ಆದ್ದರಿಂದ ಇಲ್ಲಿ ಚಳಿಯಿಂದ ಕಾಪಾಡಬೇಕಾದದ್ದು ಕೊಂಬೆಗಳ ತುದಿಗಳನ್ನು. ಗಿಡ ತನ್ನನ್ನು ತಾನು ನೋಡಿಕೊಳ್ಳುತ್ತದೆ. ಇದನ್ನು ಕಲಿಸಿದ್ದು 2018. ಆ ವರ್ಷ ಫೆಬ್ರವರಿ ಮುಗಿದು ಮಾರ್ಚ್ ಹುಟ್ಟುವಾಗ ಸೈಬೀರಿಯಾ ಕಡೆಯಿಂದ ಗಾಳಿ ಬಂತು. ಪತ್ರಿಕೆಗಳು ಅದಕ್ಕೆ ‘ಪೂರ್ವದ ಮೃಗ’ ಎಂದು ಹೆಸರಿಟ್ಟವು. ಹಿಮ ಬಿತ್ತು, ಅದು ದೊಡ್ಡ ಮಾತಲ್ಲ. ಒಣಗಾಳಿ ಐದಾರು ದಿನ ಬಿಡದೆ ಬೀಸಿತು. ನಾನು ಏನೂ ಸುತ್ತಿರಲಿಲ್ಲ. ಗಾಳಿ ನಿಂತ ಮೇಲೆ ನೋಡಿದರೆ ಪ್ರತಿ ಕೊಂಬೆಯ ಕೊನೆಯ ಗೇಣು ಕಪ್ಪಾಗಿ ಸುಕ್ಕುಗಟ್ಟಿತ್ತು. ಉಗುರಿನಿಂದ ತೊಗಟೆ ಕೆರೆದರೆ ಹಸಿರು ಇಲ್ಲ, ಕಂದು. ಹೀಚುಗಳು ಮೆಣಸಿನ ಕಾಳಿನಂತಾಗಿ, ಮುಟ್ಟಿದರೆ ಉದುರಿದವು. ಆ ಬೇಸಿಗೆ ಇಂಗ್ಲೆಂಡಿನಲ್ಲಿ ಅಪರೂಪದ ಸೆಕೆ ಇತ್ತು, ಬೇಕಾದಷ್ಟು ಬಿಸಿಲಿತ್ತು. ಹಣ್ಣಾಗಬೇಕಾದದ್ದು ಮಾತ್ರ ಮಾರ್ಚ್‌ನಲ್ಲೇ ಉದುರಿತ್ತು.

ಅಂದಿನಿಂದ ನವೆಂಬರ್ ಬಂದರೆ ಕೊಂಬೆಗಳ ನಡುವೆ ಒಣಹುಲ್ಲು ತುರುಕಿ, ತೋಟದವರು ಬಳಸುವ ಬಿಳಿ ಫ್ಲೀಸ್ ಬಟ್ಟೆಯನ್ನು ಎರಡು ಸುತ್ತು ಹೊದಿಸಿ, ಗೋಡೆಗೆ ಹೊಡೆದ ಮೊಳೆಗಳಿಗೆ ಕಟ್ಟುತ್ತೇನೆ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಕೊಳೆಯುತ್ತದೆ. ಬೆಳದಿಂಗಳಲ್ಲಿ ಅದು ಗೋಡೆಗೆ ಒರಗಿದ ಹೆಂಗಸಿನಂತೆ ಕಂಡು ಮೊದಲ ರಾತ್ರಿ ನನ್ನನ್ನೇ ಬೆಚ್ಚಿಬೀಳಿಸಿತ್ತು. ಏಪ್ರಿಲ್‌ನಲ್ಲಿ ಬಿಚ್ಚುವುದು, ಆದರೆ ಕೈಗೆಟಕುವಂತೆ ಇಟ್ಟುಕೊಳ್ಳುವುದು. ಇಲ್ಲಿ ಮೇ ತಿಂಗಳ ಮಧ್ಯದವರೆಗೂ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಡುತ್ತದೆ. ಜೂನ್‌ನಲ್ಲಿ ಹೊಸ ಚಿಗುರಿಗೆ ಐದಾರು ಎಲೆ ಬಂದ ಮೇಲೆ ತುದಿ ಚಿವುಟುವುದು. ಕೈಗವಸು ಹಾಕಿಕೊಂಡು.

2019ರ ಆಗಸ್ಟ್‌ನಲ್ಲಿ ಅಮ್ಮ ಬಂದಳು. ಗಿಡ ಮೊದಲ ಬಾರಿಗೆ ಹಣ್ಣು ಕೊಟ್ಟ ವರ್ಷವೂ ಅದೇ. ಬಂದ ಎರಡನೆಯ ದಿನ, ಮಳೆ ಬಂದು ನಿಂತು ಬಿಸಿಲು ಬಿದ್ದಿತ್ತು, ಹಿತ್ತಿಲ ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ನಿಂತವಳು ಮೂಗರಳಿಸಿ, “ಪಕ್ಕದ ಮನೆಯಲ್ಲಿ ಯಾರೋ ಕಾಯಿ ತುರಿಯುತ್ತಿದ್ದಾರೆ ನೋಡು” ಎಂದಳು. ಪಕ್ಕದ ಮನೆಯ ಹಿರಿಯರು ಜನ್ಮದಲ್ಲಿ ತೆಂಗಿನಕಾಯಿ ಒಡೆದವರಲ್ಲ. ಅದು ಅಂಜೂರದ ಎಲೆಯ ವಾಸನೆ. ಒದ್ದೆ ಎಲೆಯ ಮೇಲೆ ಬಿಸಿಲು ಬಿದ್ದರೆ ಹಸಿ ತೆಂಗಿನ ತುರಿಯ ವಾಸನೆಯೇ ಬರುತ್ತದೆ. ಇಷ್ಟು ವರ್ಷ ಆ ಗಿಡದ ಪಕ್ಕ ನಿಂತಿದ್ದರೂ ನನಗೆ ಅದು ಬರೀ ‘ಎಲೆಯ ವಾಸನೆ’ಯಾಗಿತ್ತು.

ಅಂಜೂರದ ಕಾಯಿ ಹಣ್ಣಾಗುವುದನ್ನು ನೋಡಬೇಕು. ವಾರಗಟ್ಟಲೆ ಅದೇ ಗಾತ್ರ, ಅದೇ ಬಣ್ಣ, ಕಲ್ಲಿನ ಹಾಗೆ ಕೂತಿರುತ್ತದೆ. ಸತ್ತೇ ಹೋಯಿತೇನೋ ಎನ್ನುವಷ್ಟು. ಆಮೇಲೆ ಒಂದು ದಿನ ಬೆಳಿಗ್ಗೆ ನಿನ್ನೆಗಿಂತ ದೊಡ್ಡದಾಗಿದೆ ಎನಿಸುತ್ತದೆ. ಮೂರ್ನಾಲ್ಕು ದಿನದಲ್ಲಿ ಊದಿ, ಕಂದು ನೇರಳೆ ಬಣ್ಣ ಏರಿ, ನೆಟ್ಟಗಿದ್ದ ತೊಟ್ಟು ಸೋತು ತಲೆ ತಗ್ಗಿಸುತ್ತದೆ. ಚರ್ಮದ ಮೇಲೆ ಬಿಳಿ ಬಿರುಕಿನ ಗೆರೆಗಳು. ಕೊನೆಗೆ ತಳದ ಕಣ್ಣಿನಲ್ಲಿ ಒಂದೇ ಹನಿ ಅಂಟುರಸ ಬಂದು ನಿಲ್ಲುತ್ತದೆ. ಆಗ ಕೀಳಬೇಕು. ಒಂದು ದಿನ ಮೊದಲು ಕಿತ್ತರೆ ಮನೆಯಲ್ಲಿಟ್ಟು ಹಣ್ಣು ಮಾಡುತ್ತೇನೆ ಎನ್ನುವಂತಿಲ್ಲ, ಮಾವು ಬಾಳೆಯ ಹಾಗಲ್ಲ ಇದು. ಒಂದು ದಿನ ತಡವಾದರೆ ಬ್ಲ್ಯಾಕ್‌ಬರ್ಡ್ ಎಂಬ ಹಕ್ಕಿಗೆ ನಮಗಿಂತ ಚೆನ್ನಾಗಿ ಲೆಕ್ಕ ಗೊತ್ತು.

ಮೊದಲ ಹಣ್ಣನ್ನು ಅಮ್ಮನ ಕೈಗಿಟ್ಟೆ. ತಿನ್ನಲಿಲ್ಲ. ಚಾಕು ಕೇಳಿದಳು. ಎರಡಾಗಿ ಸೀಳಿ, ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ಹುಳ ಹುಡುಕಿದಳು. ಅವಳ ತವರಿನ ಹಿತ್ತಿಲಲ್ಲಿ ಅತ್ತಿಮರವಿತ್ತು. ಅತ್ತಿಹಣ್ಣನ್ನು ಬಿಡಿಸದೆ ಬಾಯಿಗೆ ಹಾಕುವವರನ್ನು ಅವಳು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಬಿಡಿಸಿದರೆ ಒಳಗೆ ಸೊಳ್ಳೆಯಂಥ ಸಣ್ಣ ಹುಳಗಳು ಏಳುತ್ತವೆ.

ಆ ಹುಳಗಳು ಕಣಜಗಳು. ಅತ್ತಿಯೂ ಅಂಜೂರವೂ ಒಂದೇ ಕುಲ. ಆಲ, ಅರಳಿ, ಬಸರಿ ಎಲ್ಲ ಇವುಗಳ ದಾಯಾದಿಗಳು. ಹಣ್ಣು ಎಂದು ನಾವು ಕರೆಯುವುದು ಒಳಮುಖವಾಗಿ ಮಡಿಸಿದ ನೂರಾರು ಹೂಗಳ ಚೀಲ. ಚೀಲದ ಬಾಯಿ ಅದೇ ಆ ಕಣ್ಣು. ಅಷ್ಟು ಕಿರಿದಾದ ಬಾಯಿಯಲ್ಲಿ ಹೆಣ್ಣು ಕಣಜ ರೆಕ್ಕೆ ಕಳಚಿಕೊಂಡು ನುಗ್ಗಿ ಪರಾಗ ಮುಟ್ಟಿಸುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಒಣ ಅಂಜೂರಕ್ಕೆ ಹೆಸರಾದ ಟರ್ಕಿಯ ಸ್ಮಿರ್ನಾ ತಳಿಗೆ ಈ ಕಣಜ ಬೇಕೇ ಬೇಕು. ಇಲ್ಲವಾದರೆ ಹೀಚುಗಳು ಉದುರುತ್ತವೆ. ಕ್ಯಾಲಿಫೋರ್ನಿಯಾದವರು ಆ ಗಿಡಗಳನ್ನು ತರಿಸಿ ನೆಟ್ಟು, ವರ್ಷಗಟ್ಟಲೆ ಉದುರಿದ ಹೀಚು ಗುಡಿಸಿ, ಕೊನೆಗೆ 1899ರಲ್ಲಿ ಕಣಜವನ್ನೂ ತರಿಸಿ ನೆಲೆಗೊಳಿಸಿದ ಮೇಲೆಯೇ ಹಣ್ಣು ಕಂಡರು. ಬ್ರೌನ್ ಟರ್ಕಿಗೆ ಆ ಹಂಗಿಲ್ಲ, ಪರಾಗವಿಲ್ಲದೆಯೂ ಹಣ್ಣಾಗುತ್ತದೆ. ಬ್ರಿಟನ್ನಿನಲ್ಲಿ ಆ ಕಣಜವೂ ಇಲ್ಲ.

“ಹಾಗಾದರೆ ಇದರಲ್ಲಿ ಹುಳ ಇರುವುದೇ ಇಲ್ಲವೇ?” ಎಂದಳು ಅಮ್ಮ. ಇಲ್ಲವೆಂದೆ. ಇನ್ನೊಮ್ಮೆ ನೋಡಿ, ಅರ್ಧ ತಿಂದು, ಅರ್ಧ ನನಗೆ ಕೊಟ್ಟಳು. ರುಚಿಯ ಬಗ್ಗೆ ಕೇಳಿದ್ದಕ್ಕೆ, “ಸಿಹಿ ಇದೆ. ನಮ್ಮದರಷ್ಟಿಲ್ಲ” ಎಂದಳು. ಸರಿಯಾದ ಮಾತೇ. ನಾನು ಒಪ್ಪಿಕೊಳ್ಳಲಿಲ್ಲ.

ಅದೇ ತಿಂಗಳು ಅವಳನ್ನು ಡಾನ್ ನದಿಯ ದಂಡೆಗೆ ಕರೆದುಕೊಂಡು ಹೋದೆ. ಶೆಫೀಲ್ಡಿನ ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ: ಊರ ನಡುವೆ, ಹಳೆಯ ಕಾರ್ಖಾನೆ ಗೋಡೆಗಳ ಬುಡದಲ್ಲಿ, ನೀರಿಗೆ ಬಾಗಿಕೊಂಡು, ಯಾರೂ ನೆಡದ ದೊಡ್ಡ ದೊಡ್ಡ ಅಂಜೂರದ ಮರಗಳಿವೆ. ಫೈವ್ ವೇರ್ಸ್ ವಾಕ್ ಎಂಬ ಕಾಲುದಾರಿಯಲ್ಲಿ ನಡೆದರೆ ಕಾಣುತ್ತವೆ. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿದ್ದ ಪರಿಸರ ವಿಜ್ಞಾನಿ ಆಲಿವರ್ ಗಿಲ್ಬರ್ಟ್ ಇವುಗಳ ಬೆನ್ನು ಹತ್ತಿ ಕಾರಣ ಬಿಡಿಸಿದರು. 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ ಊರು ಇದು. ನದಿಯುದ್ದಕ್ಕೂ ಉಕ್ಕಿನ ಕಾರ್ಖಾನೆಗಳಿದ್ದ ಕಾಲದಲ್ಲಿ ಅವು ಯಂತ್ರ ತಣಿಸಲು ನದಿಯ ನೀರನ್ನೇ ಎಳೆದುಕೊಂಡು, ಬಿಸಿಯಾದದ್ದನ್ನು ಅಲ್ಲಿಗೇ ಬಿಡುತ್ತಿದ್ದವು. ನೀರು 20 ಡಿಗ್ರಿಯ ಆಸುಪಾಸು ಇರುತ್ತಿತ್ತು. ಜನ ತಿಂದ ಒಣ ಅಂಜೂರದ, ಅಂಜೂರದ ಬಿಸ್ಕತ್ತಿನ ಬೀಜಗಳು ಹೊಟ್ಟೆಯಿಂದ ಚರಂಡಿಗೆ, ಚರಂಡಿಯಿಂದ ನದಿಗೆ ಬಂದು, ಬೆಚ್ಚನೆಯ ದಂಡೆಯ ಕೆಸರಿನಲ್ಲಿ ಮೊಳೆತವು. 1980ರ ದಶಕದಲ್ಲಿ ಕಾರ್ಖಾನೆಗಳು ಸಾಲಾಗಿ ಮುಚ್ಚಿದವು, ನದಿ ತಣ್ಣಗಾಯಿತು. ಹಳೆಯ ಮರಗಳು ಉಳಿದವು, ಹೊಸ ಸಸಿ ಏಳಲಿಲ್ಲ.

ಪಕ್ಕದ ಮನೆಯ ಹಿರಿಯರೂ ಅಂದು ಜೊತೆಗೆ ಬಂದಿದ್ದರು. ಹುಡುಗನಾಗಿದ್ದಾಗ ಚಳಿಗಾಲದ ಬೆಳಿಗ್ಗೆ ಈ ಸೇತುವೆಯ ಮೇಲೆ ನಿಂತರೆ ನದಿಯಿಂದ ಹಬೆ ಏಳುತ್ತಿತ್ತು ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಬೀಜ ಬಂದ ದಾರಿಯನ್ನೂ ಹೇಳಿದೆ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಮೂವತ್ತು ವರ್ಷದ ಹಿಂದಿನ ಚರಂಡಿ ಈಗಲೂ ನಾರುತ್ತದೆ ಎನ್ನುವ ಹಾಗೆ. ಸ್ವಲ್ಪ ದೂರ ನಡೆದ ಮೇಲೆ ಅವಳೇ ಮಾತು ತೆಗೆದಳು. “ಬಳ್ಳಾರಿ ಕೋಟೆ ಗೋಡೆಯಲ್ಲಿ ಅರಳಿ ಗಿಡ ಹೇಗೆ ಬರುತ್ತದೆ? ಹಕ್ಕಿ ತಿಂದು ಹಿಕ್ಕೆ ಹಾಕಿದಾಗ ತಾನೆ? ಇಲ್ಲಿ ಮನುಷ್ಯರೇ ಹಕ್ಕಿಗಳು.” ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ್ದಕ್ಕೆ ಹಿರಿಯರು ಸೇತುವೆಯ ಕಂಬಿ ಹಿಡಿದುಕೊಂಡು ನಕ್ಕರು. ಮುಂದೆ ಅಮ್ಮನನ್ನು ಕಂಡಾಗಲೆಲ್ಲ ಎರಡೂ ಕೈಯನ್ನು ರೆಕ್ಕೆಯಂತೆ ಆಡಿಸುತ್ತಿದ್ದರು. ಅವರಿಬ್ಬರ ನಡುವೆ ಇದ್ದ ಭಾಷೆ ಅದೊಂದೇ.

ಅಕ್ಟೋಬರ್ ಬಂತು. ಪಾತ್ರೆ ಹಿಡಿದು ಹೊರಟೆ. ಅಮ್ಮ ಬಾಗಿಲಲ್ಲೇ ತಡೆದಳು. ಇಷ್ಟು ದಪ್ಪ ಕಾಯಿಯನ್ನು ಕೀಳುವುದು ಯಾವ ಶಾಸ್ತ್ರ? ಇನ್ನೊಂದು ವಾರ ಬಿಡು. ಬಿಸಿಲು ಬರುತ್ತದೆ. ನಾನು ವಿವರಿಸಿದೆ. ಬಟಾಣಿ ತೋರಿಸಿದೆ. “ಇದು ಹಣ್ಣಾಗುತ್ತದೆ, ಅದು ಆಗುವುದಿಲ್ಲ ಎನ್ನುತ್ತೀಯಾ? ಹುಚ್ಚು ದೇಶ” ಎಂದು ಒಳಗೆ ಹೋದಳು. ಕಿತ್ತು ತಂದ ಪಾತ್ರೆಯನ್ನು ಕಸದ ಡಬ್ಬಿಗೆ ಸುರಿಯಲು ಮಾತ್ರ ಬಿಡಲಿಲ್ಲ. ಅತ್ತಿಕಾಯಿ ಪಲ್ಯ ಮಾಡುವ ಹಾಗೆ ಮಾಡುತ್ತೇನೆ ಎಂದು ಕೂತಳು. ಉಪ್ಪು ಹಾಕಿ ಕುದಿಸಿ ನೀರು ಚೆಲ್ಲಿ, ಮತ್ತೆ ಕುದಿಸಿ ಚೆಲ್ಲಿ, ಮೂರನೆಯ ಸಲ ಹಾಲಿನ ಜಿಗುಟು ಹೋದ ಮೇಲೆ ಹಿಂಡಿ, ಜಜ್ಜಿ, ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಹುಣಸೆರಸ, ಒಂದು ಚೂರು ಬೆಲ್ಲ, ಗುರೆಳ್ಳು ಪುಡಿ. ಪಲ್ಯ ಚೆನ್ನಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಗುರೆಳ್ಳು ಪುಡಿ ಚೆನ್ನಾಗಿತ್ತು. ಹಿರಿಯರಿಗೂ ಒಂದು ಡಬ್ಬಿ ಹೋಯಿತು; ಮರುದಿನ ಡಬ್ಬಿ ತೊಳೆದು ವಾಪಸು ಬಂತು, ಒಳಗೆ ನಾಲ್ಕು ಸೇಬು. ಪಲ್ಯದ ಬಗ್ಗೆ ಮಾತಿಲ್ಲ.

2022ರ ಜುಲೈ 19ರಂದು ಇಂಗ್ಲೆಂಡಿನ ಕೋನಿಂಗ್ಸ್‌ಬಿಯಲ್ಲಿ ಉಷ್ಣಾಂಶ 40.3 ಡಿಗ್ರಿ ಮುಟ್ಟಿತು. ಈ ದೇಶದಲ್ಲಿ ಹಿಂದೆಂದೂ 40 ದಾಟಿರಲಿಲ್ಲ. ಶೆಫೀಲ್ಡಿನಲ್ಲಿಯೂ 39 ಮೀರಿತು. ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಮ್ಮನಿಗೆ ಫೋನ್ ಮಾಡಿದರೆ, “ಇಲ್ಲಿ ಜಿಟಿಜಿಟಿ ಮಳೆ, ತಂಪಾಗಿದೆ. ನೀನೇ ಇಲ್ಲಿಗೆ ಬಾ” ಎಂದಳು. ಊರೆಲ್ಲ ಬಾಡಿತು, ಹುಲ್ಲು ಸುಟ್ಟಿತು, ಅಂಜೂರ ಮಾತ್ರ ಒಂದು ಎಲೆಯನ್ನೂ ಮುದುಡಲಿಲ್ಲ. ಆ ವರ್ಷ ಸೆಪ್ಟೆಂಬರಿನಲ್ಲಿ ಹೊಸ ಚಿಗುರಿನ ಕಾಯಿಗಳಲ್ಲೂ ಆರು ಹಣ್ಣಾದವು. ತಿನ್ನುವಾಗ ಮೊದಲ ಸಲ ಮಾವನ ಹೊಲದ ಬಾವಿ ನೆನಪಾಯಿತು. ಇಂಥ ಸೆಕೆ ವರ್ಷ ವರ್ಷ ಬರಲಿ ಎಂದು ಬಯಸುವುದು ಹೇಗೆ ಎಂದೂ ಅನ್ನಿಸಿತು. ಏಳನೆಯದಕ್ಕೆ ಕಾದೆ, ಅದು ಕಾಯಿಯಾಗಿಯೇ ಉಳಿಯಿತು. ಹಿರಿಯರು ಆ ಹಣ್ಣು ತಿನ್ನಲು ಇರಲಿಲ್ಲ. ಅವರ ಮನೆಯಲ್ಲಿ ಈಗ ಚಿಕ್ಕ ವಯಸ್ಸಿನ ದಂಪತಿ ಇದ್ದಾರೆ. ಹೋದ ಮಾರ್ಚ್‌ನಲ್ಲಿ ಅವರಿಗೊಂದು ಕಡ್ಡಿ ಬೇರು ಬರಿಸಿ ಕೊಟ್ಟೆ. ನೆಡಲು ದೊಡ್ಡ ಗುಂಡಿ ತೋಡುತ್ತಿದ್ದರು, ಓಡಿಹೋಗಿ ತಡೆದೆ.

ಅಮ್ಮನಿಗೆ ಈಗ ಇಷ್ಟು ದೂರದ ಪ್ರಯಾಣ ಆಗುವುದಿಲ್ಲ. ಅಕ್ಟೋಬರ್ ಕೊನೆಯ ಶನಿವಾರ ವಿಡಿಯೊ ಕರೆ ಮಾಡಿ ಮೊಬೈಲನ್ನು ಗೋಡೆಯ ಮೊಳೆಗೆ ಸಿಕ್ಕಿಸುತ್ತೇನೆ. ದೊಡ್ಡ ಕಾಯಿ ಕೀಳುವಾಗ ಅವಳು ಈಗಲೂ ಮುಖ ಆಚೆ ತಿರುಗಿಸುತ್ತಾಳೆ. ಅದು ಮುಗಿದ ಮೇಲೆ ಎಣಿಕೆ. ನಾನು ಮೊಬೈಲನ್ನು ಒಂದೊಂದು ಕೊಂಬೆಯ ತುದಿಗೆ ಹಿಡಿಯಬೇಕು, ಅವಳು ಬಟಾಣಿಗಳನ್ನು ಎಣಿಸಬೇಕು. ಈ ವರ್ಷ ನನ್ನ ಲೆಕ್ಕಕ್ಕೆ ಮೂವತ್ತೊಂದು ಬಂತು, ಅವಳ ಲೆಕ್ಕಕ್ಕೆ ಮೂವತ್ತಮೂರು. ತಪ್ಪು ಎಂದೆ. ಎಡಗಡೆಯ ಕೆಳಗಿನ ಕೊಂಬೆ ತೋರಿಸು ಎಂದಳು. ಗೋಡೆಗೆ ಆತುಕೊಂಡ ಒಂದು ತುದಿಯನ್ನು ಮೆಲ್ಲಗೆ ಈಚೆಗೆ ಎಳೆದೆ. ಹಿಂಬದಿಯಲ್ಲಿ, ಕಲ್ಲಿಗೆ ಒತ್ತಿಕೊಂಡು, ಎರಡಿದ್ದವು.